ಸದ್ದಡಗಿಸುವ ಜಾಗಟೆ

ಟೇನಾ ಊರಿನವರೆಲ್ಲ ಮೀನ ಹಿಡಿದು ಬದುಕುವವರು. ಮೌನ ಹಿಡಿದು ಬದುಕುವವನು ಒಡೊಯಿ ಒಬ್ಬನೇ.

ಹುಟ್ಟಿದ್ದೇನೋ ದೋಣಿಯವರ ಮನೆಯಲ್ಲೇ. ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರೂ ಅಟ್ಲಾಂಟಿಕ್ಕಿನ ಉಪ್ಪು ತಿಂದು ಬೆಳೆದು, ಕೊನೆಗೆ ಒಬ್ಬಿಬ್ಬರು ಅದರಲ್ಲೇ ಉಪ್ಪಿನಕಾಯಾಗಿ ಹೋದವರು. ಒಡೊಯಿಗೆ ಮಾತ್ರ ಅಲೆ ಕಂಡರೆ ಹೊಟ್ಟೆಯೂ ಅಲೆಯುತ್ತಿತ್ತು. ಹನ್ನೆರಡನೇ ವಯಸ್ಸಿಗೆ ಅಪ್ಪ ಮೊದಲ ಸಲ ದೋಣಿ ಹತ್ತಿಸಿದ. ದಡ ಕಣ್ಣಿಗೆ ಕಾಣುತ್ತಿರುವಾಗಲೇ ಹುಡುಗ ಬೆಳಗಿನ ಗಂಜಿ, ಹಿಂದಿನ ರಾತ್ರಿಯ ಕೆಂಕೆ ಎಂಬ ಹುಳಿಜೋಳದ ಮುದ್ದೆ, ಅದರ ಜೊತೆ ನಂಚಿಕೊಂಡ ಮೆಣಸಿನ ಚಟ್ನಿ, ಎಲ್ಲವನ್ನೂ ಕ್ರಮವಾಗಿ ಕಡಲಿಗೆ ಅರ್ಪಿಸಿದ. "ನಾವೆಲ್ಲ ಮೀನು ತಿನ್ನೋರು. ನಮ್ಮ ತಮ್ಮ ಮೀನಿಗೇ ಊಟ ಹಾಕೋನು, ಧರ್ಮಾತ್ಮ!" ಎಂದು ಅಣ್ಣ ಲಾರ್ಟೆ ದಡಕ್ಕೆ ಬಂದವನೇ ಸಾರಿದ. ಆ ಮಾತು ನಲವತ್ತು ವರ್ಷದಿಂದ ಊರಲ್ಲಿ ಹಳಸದೆ ಉಳಿದಿದೆ.

ದೋಣಿಗೆ ಆಗದವನು ಊರಿಗೆ ಯಾವುದಕ್ಕಾದರೂ ಆಗಬೇಕಲ್ಲ. ಹಳೆಯ ಡಂಗುರದವನು ತೀರಿಕೊಂಡಾಗ ಹಿರಿಯರು ಒಡೊಯಿಯ ಕೈಗೆ ಜಾಗಟೆ ಕೊಟ್ಟರು. ಎರಡು ಕಬ್ಬಿಣದ ತಗಡುಗಳ ಅಂಚು ಸೇರಿಸಿ ಬಡಿದು ಮಾಡಿದ್ದು. ನೋಡಲು ಗಂಟೆಯಂತೆಯೇ, ಆದರೆ ನಾಲಿಗೆ ಇಲ್ಲ. ನಾಲಿಗೆ ಒಡೊಯಿಯದು. ಕೋಲಿನಿಂದ ಮೂರು ಏಟು, ಆಮೇಲೆ ಮಾತು. ಅದಕ್ಕೊಂದು ಕಟ್ಟು: ಯಾರಾದರೂ ಕಳಿಸಿದ ಮಾತಿಲ್ಲದೆ ಜಾಗಟೆ ಬಾರಿಸುವಂತಿಲ್ಲ. ಬಾರಿಸಿದರೆ ಅದು ಸುಳ್ಳು ಜಾಗಟೆ. ಹಿಂದೆ ಒಬ್ಬ ಕುಡಿದ ಅಮಲಿನಲ್ಲಿ ಹಾಗೆ ಬಾರಿಸಿದ್ದ. ಅವನನ್ನು ಊರು ಬಿಡಿಸಿ ಲಗೂನಿನ, ಎಂದರೆ ಉಪ್ಪು ಹಿನ್ನೀರಿನ, ಆಚೆ ಕಳಿಸಿದರು. ಅವನ ಮೊಮ್ಮಕ್ಕಳಿಗೆ ಈಗಲೂ ಟೇನಾದಲ್ಲಿ ಯಾರೂ ಹೆಣ್ಣು ಕೊಡುವುದಿಲ್ಲ.

ವರ್ಷದ ಹನ್ನೊಂದು ತಿಂಗಳು ಒಡೊಯಿಯದು ಸದ್ದಿನ ಕೆಲಸ. ಹನ್ನೆರಡನೆಯದು ಸದ್ದಡಗಿಸುವ ತಿಂಗಳು. ಪೂಜಾರಿಗಳು ಜೋಳ ಬಿತ್ತಿದ ದಿನದಿಂದ ಮೂವತ್ತು ದಿನ ಊರು ಉಸಿರು ಬಿಗಿಹಿಡಿಯಬೇಕು. ಬೀಜ ಮೊಳೆಯುವ ಸದ್ದನ್ನು ದೇವರುಗಳು ಕಿವಿಗೊಟ್ಟು ಕೇಳುತ್ತಿರುತ್ತಾರೆ. ಡೋಲು, ಚಪ್ಪಾಳೆ, ಸಿಳ್ಳೆ, ಹಾಡು, ಗೋಳಾಟ ಯಾವುದೂ ಕೂಡದು. ಸತ್ತವರೂ ಸದ್ದಿಲ್ಲದೆ ಆಸ್ಪತ್ರೆಯ ತಣ್ಣನೆ ಕೋಣೆಯಲ್ಲಿ ತಮ್ಮ ಸರದಿ ಕಾಯುತ್ತಾರೆ. ಇಡೀ ಊರು ಸಿಸ್ಟರಮ್ಮನ ತರಗತಿಯ ಹಾಗೆ ತುಟಿಯ ಮೇಲೆ ಬೆರಳಿಟ್ಟುಕೊಂಡಿರುತ್ತದೆ. ಇದನ್ನು ಕಾಯುವವನು ಒಡೊಯಿ. ಈ ವರ್ಷ ಮೊದಲ ವಾರದಲ್ಲೇ ಪಾದ್ರಿ ಬೋಯೆಯ ಮೂರು ಡ್ರಮ್ಮು, ಆಳೆತ್ತರದ ಎರಡು ಸ್ಪೀಕರು, ಸಾರಾಯಿ ಅಂಗಡಿಯ ಹಾಡಿನ ಪೆಟ್ಟಿಗೆ ಎಲ್ಲ ಜಪ್ತಿಯಾಗಿ ಅವನ ಒಳಕೋಣೆ ಸೇರಿದ್ದವು. "ಮಂಚದ ಈ ಕಡೆ ನಾನು, ಆ ಕಡೆ ಸ್ಪೀಕರು. ಸವತೀನ ತಂದಿದ್ರೂ ಇಷ್ಟು ದಪ್ಪ ಇರ್ತಿರ್ಲಿಲ್ಲ" ಎಂದು ಹೆಂಡತಿ ಶೋರ್ಮೆ ಪಿಸುಗುಟ್ಟುತ್ತಿದ್ದಳು.

ಊರಿಗೆ ಬಾಯಿ ಕಟ್ಟಿದ ಈ ತಿಂಗಳಲ್ಲೇ ಆಕಾಶಕ್ಕೆ ಬಾಯಿ ಬರುವುದು. ಮೇ ಕೊನೆಯಿಂದ ಪೂರ್ವದ ನೆಲದ ಮೇಲೆ ಮೋಡ ಕಪ್ಪು ಕಮಾನಿನಂತೆ ಎದ್ದು, ಅದರಡಿಯಿಂದ ಗಾಳಿ ಹೊರಟು, ದಡದಲ್ಲಿದ್ದುದನ್ನೆಲ್ಲ ಕಡಲಿಗೂ, ಕಡಲಲ್ಲಿದ್ದುದನ್ನೆಲ್ಲ ಮತ್ತೂ ದೂರದ ಕಡಲಿಗೂ ತಳ್ಳುತ್ತದೆ. ಅರ್ಧ ಗಂಟೆಯ ಆಟ. ಅಷ್ಟರಲ್ಲಿ ಒಂದು ಮನೆತನ ಮುಗಿದಿರುತ್ತದೆ.

ಮೌನದ ಹದಿನೆಂಟನೇ ದಿನ, ಒಂದು ಶುಕ್ರವಾರ, ಬೆಳಿಗ್ಗೆ ಇನ್ನೂ ನಸುಕಿರುವಾಗ ಒಡೊಯಿಯ ಫೋನು ತೊಡೆಯ ಮೇಲೆ ನಡುಗಿತು. ಹವಾಮಾನದ ಕಚೇರಿಯಿಂದ ಸಂದೇಶ: ಪೂರ್ವದಿಂದ ಬಿರುಗಾಳಿಯ ಸಾಲು ಬರುತ್ತಿದೆ, ಮಧ್ಯಾಹ್ನದೊಳಗೆ ದಡ ತಲುಪಬಹುದು, ಸಣ್ಣ ದೋಣಿಗಳು ಇಳಿಯಬಾರದು. ಬೇರೆ ತಿಂಗಳಾಗಿದ್ದರೆ ಅವನು ದೋಣಿಗಳ ಯಜಮಾನನ ಹೆಸರಲ್ಲಿ ಜಾಗಟೆ ಬಾರಿಸುತ್ತ ಮರಳಿನ ಉದ್ದಕ್ಕೂ ಓಡುತ್ತಿದ್ದ. ಮೌನದ ತಿಂಗಳಲ್ಲಿ ಜಾಗಟೆಗೆ ಮಾತು ಕೊಡಬಲ್ಲವರು ಒಬ್ಬರೇ, ಕಡಲದೇವರ ಮುಖ್ಯ ಪೂಜಾರಿ. ಊರಿಗೆಲ್ಲ ಅವರು 'ನುಮೊ', ಎಂದರೆ ಹಿರಿಯಜ್ಜ. ಅವರೋ ದೇವರ ಬನದ ಗುಡಿಸಲಲ್ಲಿ ಒಂಬತ್ತು ದಿನದ ವ್ರತ ಹಿಡಿದು ಕೂತಿದ್ದರು. ವ್ರತದಲ್ಲಿದ್ದವರನ್ನು ಗಾಳಿ ಮಳೆಯ ವಿಚಾರಕ್ಕೆಲ್ಲ ಕೆಣಕುವುದೇ ಎಂದು ಒಡೊಯಿ ಜಾಗಟೆಯನ್ನು ಗೂಟದಲ್ಲೇ ಬಿಟ್ಟ. ಬರಿಗೈಯಲ್ಲಿ ದಡಕ್ಕೆ ಹೋಗಿ, ದೋಣಿ ದೋಣಿಗೂ ಬಗ್ಗಿ, ಬಿರುಗಾಳಿಯನ್ನು ಪಿಸುಗುಟ್ಟಿದ.

ಲಾರ್ಟೆಯ ದೋಣಿ ಆಗಲೇ ಅರ್ಧ ನೀರಿಗಿಳಿದಿತ್ತು. ಒಂದೇ ಮರ ಕೊರೆದು ಮಾಡಿದ ಉದ್ದನೆ ದೋಣಿ. ಪಕ್ಕದಲ್ಲಿ ಕೆಂಪು ಅಕ್ಷರದಲ್ಲಿ 'ನಾಳೆ ಕಂಡವರಾರು' ಎಂದು ಬರೆಸಿದ್ದ. ಎಂಟು ಜನ ಆಳು, ಒಂಬತ್ತನೆಯವನು ಅವನು.

"ಏನೋ ಅದು, ಸೊಳ್ಳೆ ಥರ ಕಿವೀಲಿ?" ಎಂದ ಲಾರ್ಟೆ.

"ಪೂರ್ವದ ಗಾಳಿ ಅಣ್ಣ. ದೊಡ್ಡದಂತೆ. ಮಧ್ಯಾಹ್ನದೊಳಗೆ."

"ಯಾರಂದಿದ್ದು?"

"ಕಚೇರಿಯವರು."

"ಕಚೇರಿಯವರಿಗೆ ನೀರು ಬರೋದು ನಲ್ಲೀಲಿ." ಆಳುಗಳು ನಗು ತಡೆದುಕೊಂಡು ಭುಜ ಕುಲುಕಿಸಿದರು, ಮೌನದ ತಿಂಗಳಲ್ಲಿ ನಗುವುದೂ ಹಾಗೆಯೇ. "ಅಲ್ವೋ, ನಿಜವಾಗ್ಲೂ ದೊಡ್ಡದಾದ್ರೆ ಜಾಗಟೆ ಎಲ್ಲೋ? ಹೋದ ವರ್ಷ ಬಾರಿಸ್ಕೊಂಡು ಬಂದಾಗ ನಮ್ಮಲ್ಲಿ ಒಬ್ರಾದ್ರೂ ನೀರಿಗೆ ಇಳಿದ್ವಾ? ಈಗ ನೀನೇ ಪಿಸಪಿಸ ಅಂತಿದ್ದೀಯ. ಪಿಸುಮಾತಲ್ಲಿ ಹಿಡಿಸೋ ಗಾಳಿ ಎಷ್ಟು ದೊಡ್ಡದಿದ್ದೀತು? ಇದು ಗಾಳಿ ಅಲ್ಲ ಮಾರಾಯ, ಗಾಳಿಮಾತು."

"ಜಾಗಟೆಗೆ ನುಮೊ ಮಾತಿಲ್ಲ..."

"ಹಂಗಾದ್ರೆ ನುಮೊಗೇ ಗೊತ್ತಿಲ್ಲದ ಗಾಳಿ. ಮಧ್ಯಾಹ್ನದೊಳಗೆ ಬರ್ತೀನಿ ಬಿಡು. ಹೋಗು, ಹೆಂಡ್ತಿ ಸ್ಪೀಕರು ಒಂಟಿಯಾಗಿರ್ತವೆ."

ದೋಣಿ ನೀರಿಗೆ ನುಗ್ಗಿತು. ಅದರ ಹಿಂದೆ ಮಿಕ್ಕವೂ. ಸದ್ದಿಲ್ಲದ ಸುದ್ದಿಗೆ ಇಷ್ಟೇ ಬೆಲೆ ಎಂದುಕೊಂಡು ಒಡೊಯಿ ಮನೆಗೆ ಬಂದು, ಜಾಗಟೆಯನ್ನು ಒಮ್ಮೆ ಮುಟ್ಟಿ ನೋಡಿ, ಸುಮ್ಮನೆ ಕೂತ.

ಗಾಳಿ ಮಧ್ಯಾಹ್ನದವರೆಗೆ ಕಾಯಲಿಲ್ಲ. ಒಂಬತ್ತು ಗಂಟೆಯ ಹೊತ್ತಿಗೆ ಮೊದಲು ಗೊತ್ತಾದದ್ದು ಮೀನು ಹೊಗೆಯಾಡಿಸುವ ಹೆಂಗಸರಿಗೆ. ಅವರ ಮಣ್ಣಿನ ಒಲೆಗಳ ಹೊಗೆ ದಿನವೂ ಕಡಲ ಗಾಳಿಗೆ ಊರ ಕಡೆ ವಾಲುತ್ತದೆ; ಅದೇ ಹೊಗೆಯಲ್ಲಿ ಅವರ ಕಣ್ಣು, ಬಾಯಿ, ಬಾಳು ಎಲ್ಲ ಕೆಂಪಾಗಿರುವುದು. ಆ ಹೊತ್ತು ಹೊಗೆ ನೆಟ್ಟಗೆ ಕಂಬದಂತೆ ನಿಂತಿತು. ಗಾಳಿಯೇ ಇಲ್ಲ. ಕೋಳಿಗಳು ದೋಣಿಗಳ ಅಡಿಗೆ ನುಸುಳಿದವು. ಆಮೇಲೆ ಮೂವತ್ತು ಒಲೆಗಳ ಹೊಗೆ, ಯಾರೋ ಹೇಳಿಕೊಟ್ಟಂತೆ ಒಟ್ಟಿಗೆ, ಕಡಲ ಕಡೆ ಬಗ್ಗಿತು.

ಲಾರ್ಟೆಯ ಹೆಂಡತಿ ಆಯೋರ್ಕೊ ಕೈಯಲ್ಲಿದ್ದ ಮೀನಿನ ತಟ್ಟೆಯನ್ನು ಕೆಳಗಿಟ್ಟಳು. ಪೂರ್ವದಲ್ಲಿ ತೆಂಗಿನ ತಲೆಗಳ ಮೇಲೆ ಕಪ್ಪು ಕಮಾನು ಎದ್ದಿತ್ತು. ಕಡಲಲ್ಲಿದ್ದವರೂ ನೋಡಿರಬೇಕು, ದೋಣಿಗಳು ಒಂದರ ಹಿಂದೊಂದು ದಡಕ್ಕೆ ಓಡಿ ಬಂದವು. ಹೆಂಗಸರು ಸೊಂಟದುದ್ದ ನೀರಿಗಿಳಿದು ಎಣಿಸಿದರು. ಹದಿನಾಲ್ಕು ಹೋಗಿದ್ದವು, ಹದಿಮೂರು ಬಂದವು.

"ಲಾರ್ಟೆ ಎಲ್ಲಿ?"

"ಬಲೆ ಬಿಟ್ಟಿದ್ದ. ತುಂಬಿದ ಬಲೆ. ಕತ್ತರಿಸಿ ಬಾ ಅಂತ ಕೈ ಮಾಡಿದ್ವಿ. ಎಳ್ಕೊಂಡೇ ಬರ್ತೀನಿ ಅಂತ ಕೈ ಮಾಡ್ದ" ಎಂದ ಕೊನೆಯ ದೋಣಿಯವನು. ಅವನ ಮಾತು ಮುಗಿಯುವಷ್ಟರಲ್ಲಿ ಗಾಳಿ ಹೊಡೆಯಿತು.

ಮರಳು ಸೂಜಿಯಾಯಿತು. ಎರಡು ಛಾವಣಿಯ ತಗಡು ತಮ್ಮ ಮನೆ ಬಿಟ್ಟು ಕಡಲಿಗೆ ಹೊರಟವು. ನೀರಿನ ತಲೆಯನ್ನು ಗಾಳಿ ಕೊಯ್ದು ಕೊಯ್ದು ಬಿಳಿ ಎಳೆಗಳಾಗಿ ಎಸೆಯಿತು. ಹಿಂದೆಯೇ ಮಳೆಯ ಗೋಡೆ. ಇಪ್ಪತ್ತು ಹೆಜ್ಜೆ ಆಚೆಗಿದ್ದ ದೋಣಿಯೂ ಕಾಣದಂತಾಯಿತು.

ಟೇನಾಕ್ಕೆ ಕಡಲಿಂದ ಬರುವ ಬಾಗಿಲು ಒಂದೇ. ದಡದೆದುರು ಎರಡು ಕರಿ ಬಂಡೆಗಳಿವೆ. ದಡಕ್ಕೆ ಅಂಟಿಕೊಂಡ ಪಡುವಣದ್ದು ಗಂಡ, ಮೂಡಣದ್ದು ಹೆಂಡತಿ. ಗಂಡ ಹೆಂಡಿರ ನಡುವೆ ಹೋಗಬಾರದು ಎಂಬುದು ಎಲ್ಲ ಊರಿನ ಬುದ್ಧಿಮಾತು. ಟೇನಾದಲ್ಲಿ ಹೋಗದೆ ಗತಿಯಿಲ್ಲ. ಇಬ್ಬರ ಜಗಳದ ನೊರೆಯ ಮಧ್ಯೆ ಎರಡು ದೋಣಿ ಅಗಲದ ದಾರಿ. ಅದು ತಪ್ಪಿದರೆ ಎರಡೂ ಕಡೆ ಅರ್ಧ ಮೈಲಿ ಗರಗಸದಂಥ ಕಲ್ಲುಸಾಲು. ಬಿಸಿಲಲ್ಲಿ ಕುರುಡನೂ ದಾಟಿಯಾನು. ಮಳೆಯಲ್ಲಿ ಕಣ್ಣಿದ್ದವನೂ ಕುರುಡ.

ಮೊದಲ ಹೊಡೆತ ಅರ್ಧ ಗಂಟೆಗೆ ಸೋತಿತು, ಮಳೆ ಸೋಲಲಿಲ್ಲ. ಲಾರ್ಟೆ ಮುಳುಗಿಲ್ಲದಿದ್ದರೆ ಈಗ ದಡಕ್ಕೆ ತಿರುಗಿರುತ್ತಾನೆ, ಬಾಗಿಲು ಹುಡುಕುತ್ತಿರುತ್ತಾನೆ. ಫೋನು ಮಾಡಿದರೆ ಒಬ್ಬ ಹೆಂಗಸಿನ ಧ್ವನಿ, ಸಂಪರ್ಕ ಸಾಧ್ಯವಿಲ್ಲ ಎಂದು ವಿನಯದಿಂದ ಹೇಳುತ್ತಿತ್ತು. ಬೆಂಕಿ ಹಚ್ಚಿದರೆ ಮಳೆ ಆರಿಸಿತು. ಬೇರೆ ಕಾಲದಲ್ಲಾದರೆ ಇಂಥ ಹೊತ್ತಿಗೆ ಗಂಡ ಬಂಡೆಯ ತುದಿಯಲ್ಲಿ ಡೋಲು ಬಾರಿಸುತ್ತಾರೆ; ನೆಲದಿಂದ ಬೀಸುವ ಗಾಳಿ ಆ ಸದ್ದನ್ನು ಹೊತ್ತು ಕಡಲಿಗೆ ಒಯ್ಯುತ್ತದೆ, ದೋಣಿಯವರು ಕಿವಿಯಿಂದ ದಾರಿ ನೋಡುತ್ತಾರೆ.

ಪಾದ್ರಿ ಬೋಯೆ ತೊಯ್ದು ತೊಪ್ಪೆಯಾಗಿ ಓಡಿ ಬಂದು ಒಡೊಯಿಯ ತೋಳು ಹಿಡಿದ. "ನನ್ನ ಡ್ರಮ್ಮು ನಿನ್ನ ಮನೇಲಿದೆಯಲ್ಲೋ! ಬೀಗದ ಕೈ ಕೊಡು. ನಾನು ಬಾರಿಸ್ತೀನಿ. ಪಾಪ ಬಂದ್ರೆ ನನ್ನ ತಲೆ ಮೇಲೆ ಬರ್ಲಿ. ಅಲ್ಲಿ ಈಗಾಗ್ಲೇ ಸಾಕಷ್ಟಿದೆ."

ಒಡೊಯಿಯ ಕೈ ಜೇಬಿಗೆ ಹೋಯಿತು. ಹೋದದ್ದು ಅಲ್ಲೇ ನಿಂತಿತು. ಅವನು ವೇಷಕ್ಕೆ ಮೌನ ಕಾಯುವವನಲ್ಲ. ಮೌನದ ತಿಂಗಳಲ್ಲಿ ಡೋಲು ಸದ್ದಾದರೆ ಕಡಲದೇವರು ತಿರುಗಿ ನೋಡುತ್ತಾನೆ, ತಿರುಗಿದವನ ಕಣ್ಣಿಗೆ ಯಾವುದು ಬೀಳುತ್ತದೋ ಅದು ಅವನದು, ಎಂಬುದನ್ನು ಅವನು ತಾಯ ಹಾಲಿನ ಜೊತೆ ಕುಡಿದವನು. ಈಗ ಆ ಕಣ್ಣೆದುರು ಇದ್ದದ್ದು ಒಂದೇ ದೋಣಿ.

ಆಯೋರ್ಕೊ ಇಬ್ಬರ ನಡುವೆ ಬಂದು ನಿಂತಳು. ಅಳು ಹೊರಬೀಳದಂತೆ ಬಟ್ಟೆಯ ಸೆರಗನ್ನು ಹಲ್ಲಲ್ಲಿ ಕಚ್ಚಿದ್ದಳು, ಅದನ್ನು ತೆಗೆದು ಅಂದಳು: "ಡೋಲು ಮುಟ್ಟಬೇಡಿ. ನನ್ನ ಗಂಡನ್ನ ಗಾಳಿ ಬಿಟ್ರೂ ಬಿಟ್ಟೀತು. ನೀವು ಡೋಲು ಹೊಡ್ದು ಕೊಲ್ಲಬೇಡಿ."

"ತಂಗಿ, ಅವ್ರು ಕಲ್ಲಿಗೆ ಹೊಡ್ಕೊತಾರೆ!"

"ಹೊಡ್ಕೊಳ್ದೆ ಇರೋ ಹಾಗೆ ಮಾಡಿ. ಡೋಲಿಲ್ದೆ ಮಾಡಿ. ಓದಿದೋರಲ್ವಾ?" ಆಮೇಲೆ ಮೈದುನನ ಕಡೆ ತಿರುಗಿದಳು. ಬೈಯಲಿಲ್ಲ. "ಬೆಳಿಗ್ಗೆ ನಿಂಗೆ ಗೊತ್ತಿತ್ತಂತೆ" ಎಂದಳು, ಅಷ್ಟೇ.

ಒಡೊಯಿ ಓಡಿದ. ಐವತ್ತೆರಡು ವರ್ಷದ ಮಂಡಿ, ಕೆಸರು, ಎದುರು ಮಳೆ. ಮನೆಗೆ ನುಗ್ಗಿ ಗೂಟದ ಜಾಗಟೆ ಎಳೆದುಕೊಂಡು ಬನಕ್ಕೆ ಬಂದ. ಬನದ ಬೇಲಿಯ ಬಾಗಿಲಲ್ಲಿ ಊರೆಲ್ಲ 'ಅವೊ', ಎಂದರೆ ಅಮ್ಮ, ಎಂದು ಕರೆಯುವ ಲಾಮ್ಲಿ, ನುಮೊರ ಸೇವೆಯ ಮುದುಕಿ, ಬಿಳಿ ಬಟ್ಟೆ ಸುತ್ತಿಕೊಂಡು ಮಳೆಗೆ ಬೆನ್ನು ಕೊಟ್ಟು ಕೂತಿದ್ದಳು.

"ಅವೊ, ನುಮೊ ಹತ್ರ ಒಂದು ಮಾತು. ಒಂದೇ ಮಾತು. ಕಡಲಲ್ಲಿ ಒಂಬತ್ತು ಜನ ಇದಾರೆ."

"ಸೂರ್ಯ ಮುಳುಗೋವರೆಗೂ ಅವ್ರು ಮಾತಾಡಲ್ಲ ಮಗ. ಕೇಳೋದೂ ಇಲ್ಲ."

"ಸೂರ್ಯ ಮುಳುಗೋದ್ರೊಳಗೆ ಅವ್ರು ಮುಳುಗ್ತಾರೆ ಅವೊ!"

ಮುದುಕಿಯ ಮುಖ ಕಲ್ಲಾಗಲಿಲ್ಲ, ಕರಗಲೂ ಇಲ್ಲ. "ನಾನೇನು ಮಾಡ್ಲಿ? ಹೊಸ ಮಾತು ಇವತ್ತು ಒಳಗಿಂದ ಬರೋದಿಲ್ಲ. ಆಡಿದ್ದು ಆಡಿ ಆಗಿದೆ. ಜೋಳ ಬಿತ್ತಿದ ದಿನ ಹೇಳಿದ್ದೇ ಕೊನೇ ಮಾತು."

ಒಡೊಯಿ ಬಾಗಿಲಲ್ಲೇ ನಿಂತ. ಜಾಗಟೆಯ ಬಾಯಿಂದ ಮಳೆನೀರು ಸುರಿಯುತ್ತಿತ್ತು. ಜೋಳ ಬಿತ್ತಿದ ದಿನದ ಮಾತು ಅವನಿಗೆ ಬಾಯಿಪಾಠ. ಅದನ್ನು ಊರಿಗೆ ಸಾರಿದವನೇ ಅವನು. ಊರಿಗೆ ಮೂರು ಸಲ ಸಾರು ಎಂದಿದ್ದರು ನುಮೊ. ಮೂರಕ್ಕಿಂತ ಹೆಚ್ಚು ಬೇಡ ಎಂದು ಯಾರೂ ಅಂದಿರಲಿಲ್ಲ. ಅಂದಿದ್ದರೆ? ನೆನಪು ಕೆದಕಿದ. ಇಲ್ಲ, ಅಂದಿರಲಿಲ್ಲ. ಅಥವಾ ಅಂದಿಲ್ಲ ಎಂದು ತನಗೆ ಬೇಕಾಗಿತ್ತು. ಅದನ್ನು ತೂಗುವಷ್ಟು ಹೊತ್ತಿರಲಿಲ್ಲ.

ಅವನು ದಡಕ್ಕೆ ಬಂದಾಗ ಶೋರ್ಮೆ ಅವನ ಕೈಯಲ್ಲಿದ್ದುದನ್ನು ನೋಡಿ ಹೆದರಿದಳು. "ಮಾತು ಸಿಕ್ತಾ?"

"ಹಳೇದು ಇದೆ."

"ಹಳೇದು ಅಂದ್ರೆ?"

"ಹಗ್ಗ ತಾ."

ಗಂಡ ಬಂಡೆಯ ಮೇಲೆ ಅಲೆ ಹತ್ತಿ ಇಳಿಯುತ್ತಿತ್ತು. ಶೋರ್ಮೆ ಬಲೆಯ ಹಗ್ಗವನ್ನು ಅವನ ಸೊಂಟಕ್ಕೆ ಬಿಗಿದಳು. ಇನ್ನೊಂದು ತುದಿಯನ್ನು ಆಯೋರ್ಕೊ, ಅವಳ ಹಿಂದೆ ಪಾದ್ರಿ, ಅವನ ಹಿಂದೆ ಇಡೀ ಮೀನಿನ ಸಂತೆ ಹಿಡಿದುಕೊಂಡಿತು. ಒಡೊಯಿ ನಾಲ್ಕು ಕಾಲಲ್ಲಿ ತೆವಳಿ ತುದಿ ಮುಟ್ಟಿದ. ಒಂದು ಅಲೆ ಬಂದು ಕಂಕುಳವರೆಗೆ ತೋಯಿಸಿ ಹೋಯಿತು. ಬಂಡೆ ಅಲ್ಲಾಡುವುದಿಲ್ಲ ಎಂದು ಬುದ್ಧಿಗೆ ಗೊತ್ತಿತ್ತು, ಹೊಟ್ಟೆಗೆ ಗೊತ್ತಿರಲಿಲ್ಲ. ಅಲ್ಲೇ ಪಕ್ಕಕ್ಕೆ ಬಗ್ಗಿ ವಾಂತಿ ಮಾಡಿದ. ಬಾಯಿ ಒರೆಸಿಕೊಂಡು ಎದ್ದು, ಕಡಲಿಗೆ ಮುಖ ಮಾಡಿ, ಮೂರು ಏಟು ಹೊಡೆದ.

ಹಿಂದೆ ಹಗ್ಗ ಹಿಡಿದವರ ಉಸಿರು ಒಟ್ಟಿಗೆ ನಿಂತಿತು. ಸುಳ್ಳು ಜಾಗಟೆ!

ಒಡೊಯಿ ಗಂಟಲು ಹರಿಯುವಂತೆ ಕೂಗಿದ: "ಟೇನಾದ ಜನರೇ ಕೇಳಿ! ನುಮೊ ಮಾತು ಕೇಳಿ! ಬೀಜ ಮಣ್ಣಿಗೆ ಬಿದ್ದಿದೆ. ದೇವರು ಕಿವಿ ಕೊಟ್ಟಿದಾರೆ. ಇಂದಿನಿಂದ ಮೂವತ್ತು ದಿನ ಡೋಲಿಲ್ಲ, ಚಪ್ಪಾಳೆ ಇಲ್ಲ, ಸಿಳ್ಳೆ ಇಲ್ಲ! ಯಾರೂ ಸದ್ದು ಮಾಡಕೂಡದು!"

ಮತ್ತೆ ಮೂರು ಏಟು. ಮತ್ತೆ ಅದೇ ಮಾತು, ಒಂದಕ್ಷರ ಆಚೀಚೆ ಇಲ್ಲದೆ. ಬದಲಿಸಿದರೆ ಅದು ನುಮೊ ಮಾತಾಗುವುದಿಲ್ಲ. ಯಾರೂ ಇಲ್ಲದ ಕಡಲಿಗೆ, ಕಿವಿ ಹರಿಯುವ ಸದ್ದಿನಲ್ಲಿ, ಸದ್ದು ಮಾಡಬೇಡಿ ಎಂದು ಸಾರುತ್ತ ನಿಂತ. ಹಗ್ಗದ ತುದಿಯಲ್ಲಿ ಪಾದ್ರಿಗೆ ಮೊದಲು ಅರ್ಥವಾಯಿತು. "ಅಯ್ಯೋ ದೇವರೇ" ಎಂದು ಪಿಸುಗುಟ್ಟಿದ, "ನಾನು ಇಪ್ಪತ್ತು ವರ್ಷ ದೇವಶಾಸ್ತ್ರ ಓದಿದ್ದು ದಂಡ."

ಹತ್ತು ಸಲ. ಇಪ್ಪತ್ತು. ಮಳೆಯ ಗೋಡೆ ಏನನ್ನೂ ವಾಪಸು ಕೊಡಲಿಲ್ಲ. ಗಾಳಿ ಬೆನ್ನಿಗೆ ಬೀಸುತ್ತಿದ್ದುದೊಂದೇ ಸಮಾಧಾನ; ಸದ್ದು ಹೋಗುತ್ತಿದೆ, ಎಲ್ಲಿಗೋ ಹೋಗುತ್ತಿದೆ. ಎರಡು ಸಲ ಅಲೆ ಅವನ ಕಾಲು ಕಿತ್ತಿತು. ಎರಡು ಸಲವೂ ಹಗ್ಗ ಬಿಗಿದು ಅವನನ್ನು ಹೊಟ್ಟೆಯ ಮೇಲೆ ಎಳೆದು ತಂದಿತು. ಎರಡು ಸಲವೂ ತೆವಳಿ ಹೋದ. ಅಂಗೈ ಸುಲಿದು ಕೋಲು ಜಾರತೊಡಗಿತು. ಐವತ್ತರ ಹೊತ್ತಿಗೆ ಗಂಟಲು ಸತ್ತಿತು. ಬಾಯಿ ತೆರೆದರೆ ಗಾಳಿ ಮಾತ್ರ.

ಮಾತಿಲ್ಲದೆ ಬಾರಿಸಿದರೆ ಅದು ಸುಳ್ಳು. ಮಾತು ಗಟ್ಟಿಯಾಗಿರಬೇಕು ಎಂದೇನೂ ಕಟ್ಟಿಲ್ಲ. ಅವನು ಪಿಸುದನಿಯಲ್ಲಿ, ಗಲ್ಲಕ್ಕೆ ಜಾಗಟೆ ತಾಗಿಸಿ, ತುಟಿ ಮಾತ್ರ ಆಡಿಸುತ್ತ ಅದನ್ನೇ ಹೇಳಿದ, ಕೋಲು ಕೂಗಿತು. ಎಷ್ಟು ಸಲವೆಂದು ಆಮೇಲೆ ಲೆಕ್ಕವಿಲ್ಲ. ಒಂದು ಘಟ್ಟದಲ್ಲಿ ಅಣ್ಣ ಆಗಲೇ ಇಲ್ಲ ಎಂಬುದು ಅವನಿಗೆ ತಣ್ಣಗೆ ಗೊತ್ತಾದಂತಾಯಿತು. ಆದರೂ ಕೈ ನಿಲ್ಲಿಸುವುದು ಹೇಗೆಂದು ಗೊತ್ತಾಗಲಿಲ್ಲ.

ಆಗ ಮಳೆಯೊಳಗಿಂದ ಒಂದು ಕೆಂಪು ಅಕ್ಷರ ಕಂಡಿತು. ಆಮೇಲೆ ಇನ್ನೊಂದು.

ದೋಣಿ ಪಕ್ಕವಾಗಿ ಬರುತ್ತಿತ್ತು. ಮೋಟರು ಇರಬೇಕಾದಲ್ಲಿ ಮುರಿದ ಹಲಗೆ. ಆಳುಗಳು ಹುಟ್ಟು ಹಾಕುತ್ತಿದ್ದರು, ಇಬ್ಬರು ಬರಿ ಹಲಗೆಯಲ್ಲಿ. ಮೂಗು ಹೆಂಡತಿ ಬಂಡೆಯ ಕಡೆ ತಿರುಗಿತ್ತು. ಒಡೊಯಿ ಬಡಿದ. ಮೂಗು ಸ್ವಲ್ಪ ಇತ್ತ ಬಂತು. ಬಡಿದ. ಒಂದು ದೊಡ್ಡ ಅಲೆ ದೋಣಿಯನ್ನು ಹಿಂದಿನಿಂದ ಎತ್ತಿತು, ಎತ್ತಿಹಿಡಿದು ಒಂದು ಕ್ಷಣ ಯೋಚಿಸಿತು, ಆಮೇಲೆ ಗಂಡ ಹೆಂಡಿರ ನಡುವೆ ಒಳಗೆ ಎಸೆಯಿತು. ದಡದ ಅರ್ಧ ಜನ ಹಗ್ಗ ಬಿಟ್ಟು ನೀರಿಗೆ ಧುಮುಕಿದರು.

ಒಡೊಯಿ ಬಂಡೆಯ ಮೇಲಿಂದ ತಲೆ ಎಣಿಸಿದ. ಎಂಟು. ಮತ್ತೆ ಎಣಿಸಿದ. ಎಂಟೇ. ಚುಕ್ಕಾಣಿಯ ಹತ್ತಿರ ಅಣ್ಣ ಇರಲಿಲ್ಲ.

ಅವನು ಕಡಲಿಗೆ ತಿರುಗಿ ಮತ್ತೆ ಬಾರಿಸತೊಡಗಿದ. ಹಗ್ಗವನ್ನು ಎಷ್ಟು ಜಗ್ಗಿದರೂ ಬರಲಿಲ್ಲ. "ಇಂದಿನಿಂದ ಮೂವತ್ತು ದಿನ," ತುಟಿ ಆಡಿತು, "ಇಂದಿನಿಂದ ಮೂವತ್ತು ದಿನ..." ಕೊನೆಗೆ ಆಯೋರ್ಕೊಳೇ ಬಂಡೆ ಹತ್ತಿ ಬಂದು ಅವನ ಕೈಯ ಕೋಲು ಹಿಡಿದಳು. ಅವಳ ಬಾಯಲ್ಲಿ ಸೆರಗಿರಲಿಲ್ಲ.

"ಸಾಕು. ಒಳಗೆ ಮಲಗಿದಾನೆ."

ಲಾರ್ಟೆ ದೋಣಿಯ ತಳದಲ್ಲಿ, ಮೊಣಕಾಲುದ್ದ ನೀರಿನಲ್ಲಿ, ಒಂದು ಕಾಲು ಇರಬಾರದ ಕಡೆಗೆ ತಿರುಗಿಸಿಕೊಂಡು ಬಿದ್ದಿದ್ದ. ಮೋಟರು ಕಿತ್ತು ಹೋಗುವಾಗ ಅವನ ಕಾಲನ್ನೂ ಮಾತಾಡಿಸಿ ಹೋಗಿತ್ತು. ಬಲೆ ಹೋಗಿತ್ತು, ಮೀನು ಹೋಗಿತ್ತು. ತಮ್ಮನನ್ನು ಕಂಡು ನೀಲಿ ತುಟಿ ಬಿಚ್ಚಿದ.

"ಯಾವನೋ ಅವ್ನು... ಸದ್ದು ಮಾಡ್ಬೇಡಿ ಅಂತ ಊರೆಲ್ಲ ಕೇಳೋ ಹಾಗೆ ಬಡ್ಕೊಳ್ತಿದ್ದೋನು?"

"ಅಣ್ಣ..."

"ಕೂಗಿ ಕರೆಯೋಣ ಅಂತಿದ್ವಿ ನಾವು. ನಿನ್ನ ಜಾಗಟೆ ಕೇಳಿ, ತೆಪ್ಪಗೆ ಹುಟ್ಟು ಹಾಕಿ ಅಂದೆ. ನೇಮ ನೇಮವೇ." ನಗಲು ಹೋಗಿ ನೋವಿಗೆ ಕಣ್ಣು ಮುಚ್ಚಿದ. "ಬಲೆ ಕತ್ತರಿಸಬೇಕಾಗಿತ್ತು ಕಣೋ. ಕತ್ತರಿಸ್ಲಿಲ್ಲ."

ಸೂರ್ಯ ಮುಳುಗುತ್ತಿದ್ದಂತೆ ಬನದಿಂದ ಕರೆ ಬಂತು. ಒಡೊಯಿ ಚಪ್ಪಲಿ ಬಿಟ್ಟು, ಅಂಗಿ ಬಿಚ್ಚಿ ಸೊಂಟಕ್ಕೆ ಕಟ್ಟಿ, ಮಂಡಿಯೂರಿದ. ಮುಂದೆ ಜಾಗಟೆ ಇಟ್ಟ. ಹೊರಗೆ ಬೇಲಿಯ ಆಚೆ ಊರು ತುಂಬ ಜನ, ಒಂದು ಕೆಮ್ಮೂ ಇಲ್ಲ.

ನುಮೊ ಬಿಳಿ ಬಟ್ಟೆಯ ಸಣಕಲು ಮುದುಕ, ತಲೆಗೆ ಹುಲ್ಲಿನ ಟೋಪಿ. ನಿಧಾನವಾಗಿ ನೀರು ಕುಡಿದು ಕೇಳಿದರು: "ಯಾರ ಮಾತು ಬಾರಿಸಿದೆ?"

"ನಿಮ್ಮದು ನುಮೊ. ಬೀಜದ ದಿನದ್ದು. ಅಕ್ಷರ ಬದಲಿಸಲಿಲ್ಲ."

"ಎಷ್ಟು ಸಲ?"

"ಅದು ಲೆಕ್ಕ ಇಲ್ಲ."

"ನನಗಿದೆ. ನೂರ ಹದಿನೇಳು. ಕಿವಿ ಮುಚ್ಚಿಕೊಂಡು ಕೂತಿದ್ದೆ, ಆದರೂ ಕೇಳಿಸಿತು." ನೀರಿನ ಲೋಟ ಕೆಳಗಿಟ್ಟರು. "ಬೆಳಿಗ್ಗೆ ಗಾಳಿ ಸುದ್ದಿ ಬಂದಾಗ ಯಾಕೆ ನನ್ನ ಹತ್ತಿರ ಬರಲಿಲ್ಲ?"

"ನೀವು ವ್ರತದಲ್ಲಿ..."

"ವ್ರತ ಸೂರ್ಯ ಹುಟ್ಟಿದ ಮೇಲೆ. ನಿನ್ನ ಫೋನು ಬಂದಾಗ ಇನ್ನೂ ಕತ್ತಲು. ನಾನು ಈ ಬೇಲಿ ಬಾಗಿಲಲ್ಲೇ ಕೂತು ಹಲ್ಲುಜ್ಜುತ್ತಿದ್ದೆ. ನೀನು ಬರಿಗೈಲಿ ದಡಕ್ಕೆ ಹೋಗುವುದನ್ನು ನೋಡಿದೆ. ಎಲ್ಲಿಗೆ ಹೋಗ್ತಾನಪ್ಪ ಇವನು ಅಂದುಕೊಂಡೆ."

ಒಡೊಯಿಗೆ ಆ ಮಾತು ಬಂಡೆಯ ಅಲೆಗಿಂತ ಜೋರಾಗಿ ಬಡಿಯಿತು. "ಕೇಳಿದ್ದರೆ ಕೊಡ್ತಿದ್ರಾ?" ಎಂದು ಕೇಳುವ ಧೈರ್ಯ ಬರಲಿಲ್ಲ, ಕೊಡುತ್ತಿದ್ದರು ಎಂಬುದು ಆ ಮುಖದಲ್ಲೇ ಬರೆದಿತ್ತು.

"ಸುಳ್ಳು ಜಾಗಟೆ ಅಂತ ಹೊರಗೆ ಹೇಳ್ತಿದ್ದಾರೆ," ನುಮೊ ಧ್ವನಿ ಸ್ವಲ್ಪ ಏರಿಸಿದರು, ಬೇಲಿಯಾಚೆಗೂ ಹೋಗಲೆಂದು. "ಸುಳ್ಳಾಗಿದ್ದರೆ ಇವನನ್ನು ಲಗೂನಿನ ಆಚೆ ಕಳಿಸಬೇಕು. ಆದರೆ ಮಾತು ನನ್ನದು. ನನ್ನ ಮಾತು ಸುಳ್ಳಾ? ಅಲ್ಲ. ಹಾಗಾದರೆ ಜಾಗಟೆಯೂ ನಿಜ."

ಬೇಲಿಯಾಚೆ ಉಸಿರುಗಳು ಬಿಟ್ಟುಕೊಂಡವು. ಶೋರ್ಮೆಯ ಉಸಿರು ಎಲ್ಲ ಉಸಿರುಗಳ ನಡುವೆ ಒಡೊಯಿಗೆ ಗುರುತು ಸಿಕ್ಕಿತು.

"ನಿಜವಾದ ಮೇಲೆ," ನುಮೊ ಮುಂದುವರಿಸಿದರು, "ಸಾರಿದ್ದು ನಡೆಯಬೇಕು. ಏನಂತ ಸಾರಿದೆ? ಇಂದಿನಿಂದ ಮೂವತ್ತು ದಿನ. ಇವತ್ತು ಯಾವ ದಿನ? ಶುಕ್ರವಾರ. ಸರಿ. ಇವತ್ತಿನಿಂದ ಮೂವತ್ತು ದಿನ."

ಬೇಲಿಯಾಚೆ ಯಾರೋ ಬಿಕ್ಕಳಿಸಿದರು. ಅದು ಪಾದ್ರಿ ಬೋಯೆ. ಕಳೆದ ಹದಿನೆಂಟು ದಿನ ಅಷ್ಟೂ ನೀರಿಗೆ ಹೋಗಿತ್ತು. ಎರಡು ಮದುವೆ, ಐದು ಹೆಣ, ಒಂದು ಪ್ರಾರ್ಥನಾ ಮಹಾಸಭೆ ಎಲ್ಲ ಮುಂದಕ್ಕೆ ಹೋದವು. ಸಾರಾಯಿ ಅಂಗಡಿಯವನು ನೆಲಕ್ಕೆ ಕೂತ.

"ನಾಳೆ ಬೆಳಿಗ್ಗೆ ಊರಿಗೆ ಸರಿಯಾಗಿ ಸಾರು," ನುಮೊ ಜಾಗಟೆಯನ್ನು ಅವನ ಕಡೆ ತಳ್ಳಿದರು. "ಮೂರೇ ಸಲ. ನಾಲ್ಕನೇದು ಕೇಳಿಸಿದರೆ ನಾನೇ ಬರ್ತೀನಿ."

ಮರುದಿನ ಒಡೊಯಿ ಬಟ್ಟೆ ಸುತ್ತಿದ ಕೈಯಲ್ಲಿ ಜಾಗಟೆ ಹಿಡಿದು ಹೊರಟ. ಗಂಟಲು ಇನ್ನೂ ಕಪ್ಪೆಯದು. ಮೊದಲನೆಯದನ್ನು ಸಂತೆಯಲ್ಲಿ ಸಾರಿದ. ಇಡೀ ಸಂತೆ ಅವನನ್ನು ಸುತ್ತುವರಿದು ಬೈಯಿತು, ಪಿಸುದನಿಯಲ್ಲಿ. ಮದುವೆ ಹುಡುಗಿಯ ಅಮ್ಮ ಅವನ ಮೂಗಿನ ತುದಿಗೆ ಬೆರಳಿಟ್ಟು ಬರಿ ತುಟಿಯಲ್ಲೇ ಅವನ ಏಳು ತಲೆಮಾರನ್ನು ಜಾಲಾಡಿದಳು. ಎರಡನೆಯದನ್ನು ಚರ್ಚಿನೆದುರು ಸಾರಿದ. ಪಾದ್ರಿ ಕಿಟಕಿ ಹಾಕಿಕೊಂಡ, ಆಮೇಲೆ ತೆರೆದು ಒಂದು ಬಾಟಲಿ ಜೇನು ಹೊರಗಿಟ್ಟು, ಗಂಟಲು ತೋರಿಸಿ, ಮತ್ತೆ ಹಾಕಿಕೊಂಡ.

ಮೂರನೆಯದು ಅಣ್ಣನ ಅಂಗಳದಲ್ಲಿ. ಲಾರ್ಟೆ ಕಾಲಿಗೆ ಬಿದಿರು ಕಟ್ಟಿಸಿಕೊಂಡು ಚಾಪೆಯ ಮೇಲಿದ್ದ. ಆಯೋರ್ಕೊ ಒಲೆ ಊದುತ್ತಿದ್ದಳು; ಹೊಗೆಯಾಡಿಸಲು ಮೀನಿರಲಿಲ್ಲ, ಆದರೂ ಒಲೆ ಹಚ್ಚಿದ್ದಳು. ಒಡೊಯಿ ಮೂರು ಏಟು ಹೊಡೆದು ಮಾತು ಮುಗಿಸಿದ.

"ಇನ್ನೊಂದ್ಸಲ ಹೇಳೋ," ಎಂದ ಲಾರ್ಟೆ.

"ಆಗಲ್ಲ. ಮೂರಾಯ್ತು."

"ಬಾರಿಸ್ಬೇಡ. ಸುಮ್ನೆ ಹೇಳು. ಇಲ್ಲಿ ಬಂದು ಕೂತ್ಕೊಂಡು ಹೇಳು."

ಒಡೊಯಿ ಜಾಗಟೆ ಕೆಳಗಿಟ್ಟು ಚಾಪೆಯ ಅಂಚಿಗೆ ಕೂತ. ಹೇಳಬೇಕಾದದ್ದು ಬೀಜದ ಮಾತಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. "ಫೋನು ಬಂದಾಗ ಇನ್ನೂ ಕತ್ತಲಿತ್ತಣ್ಣ, ನುಮೊನ ಕೇಳ್ಬಹುದಿತ್ತು" ಎಂದು ಶುರುಮಾಡಿದ. ಆಯೋರ್ಕೊ ಊದುವುದನ್ನು ನಿಲ್ಲಿಸಿ, ಕೊಳವೆ ಕೈಯಲ್ಲೇ ಹಿಡಿದು, ಒಲೆಯ ಆ ಕಡೆಯಿಂದ ಕೇಳುತ್ತ ಕೂತಳು.